ಪೈಪಿನಲ್ಲಿ ಬಂದ ಗಂಗಮ್ಮ

ಸ್ನಾನದ ನೀರು ಗೊಳಗೊಳ ಎಂದು ಬಚ್ಚಲ ಮೋರಿಗಿಳಿದ ಮೇಲೆ ಅದರ ಗತಿ ಏನಾಯಿತೆಂದು ನೀವು ಎಂದಾದರೂ ಯೋಚಿಸಿದ್ದೀರಾ? ನಾನಂತೂ ಯೋಚಿಸಿದವನಲ್ಲ. ಸೂರ್ಯ ಹುಟ್ಟುವ ಮೊದಲೇ ಏಳುವುದು, ಹಾಸಿಗೆ ಮಡಿಸುವುದು, ತಣ್ಣೀರಿನ ಸ್ನಾನ, ಆಮೇಲೆ ಕೆರೆಯ ಏರಿಯ ಮೇಲೆ ಬಿರುಸಿನ ನಡಿಗೆ. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಕಲಿಸಿ ನಿವೃತ್ತನಾದ ನನಗೆ ಇದರಲ್ಲಿ ಯಾವುದು ಹಿಂದುಮುಂದಾದರೂ ಅಂಗಿಯ ಗುಂಡಿಯನ್ನು ತಪ್ಪಾಗಿ ಹಾಕಿಕೊಂಡು ದಿನವೆಲ್ಲ ಓಡಾಡಿದಂತಾಗುತ್ತದೆ. ಹುತ್ತೂರು ಹೋಬಳಿಯ ನಮ್ಮೂರಿನ ಏರಿಯ ಒಂದು ಕಡೆ ಹಿಪ್ಪುನೇರಳೆ ತೋಟಗಳು. ಇನ್ನೊಂದು ಕಡೆ, ವರ್ಷಗಟ್ಟಲೆ, ಜಾಲಿ ಬೆಳೆದ ಒಣ ಕೆರೆಯಂಗಳ. ಆ ಅಂಗಳದಲ್ಲಿ ಈಗ ನೀರು ನಿಂತಿದೆ. ಬೆಂಗಳೂರಿನ ಬಚ್ಚಲುಗಳಿಂದ ಇಳಿದದ್ದನ್ನು ಸೋಸಿ, ದಪ್ಪ ಪೈಪುಗಳಲ್ಲಿ ಏರು ಹತ್ತಿಸಿ, ಸರ್ಕಾರ ನಮ್ಮ ಕಡೆಯ ಕೆರೆಗಳಿಗೆ ತುಂಬಿಸುತ್ತಿರುವ ನೀರು.

ತೆರಿಗೆಯ ಮಾತೆತ್ತಿದರೆ ಮುಖ ಸಿಂಡರಿಸುವವರ ಸಾಲಿನಲ್ಲಿ ನಾನಿಲ್ಲ. ಮನೆಗಂದಾಯವನ್ನು ಹೊಸ ವರ್ಷದ ಲೆಕ್ಕ ತೆರೆದ ಕೂಡಲೇ ಪಂಚಾಯಿತಿಗೆ ಹೋಗಿ ಕಟ್ಟಿ ಬರುತ್ತೇನೆ. ಆದರೂ ಕೊಟ್ಟದ್ದು ಎಲ್ಲಿ ಹೋಯಿತೆಂಬುದು ಕಣ್ಣಿಗೆ ಕಾಣುವುದು ಅಪರೂಪ. ರಸ್ತೆಯಾದರೆ ಮುಂದಿನ ಮಳೆಗೆ ಹಳ್ಳವಾಗುತ್ತದೆ. ಕಟ್ಟಡವಾದರೆ ಗೋಡೆಗಿಂತ ಮೊದಲು ಉದ್ಘಾಟನೆಯ ಕಲ್ಲು ಕಾಣುತ್ತದೆ. ಈ ನೀರು ಮಾತ್ರ ಸದ್ದಿಲ್ಲದೆ ನೆಲಕ್ಕಿಳಿದು, ಬತ್ತಿಹೋಗಿದ್ದ ಕೊಳವೆಬಾವಿಗಳಲ್ಲಿ ಮತ್ತೆ ತಲೆಯೆತ್ತಿತು. ನಮ್ಮ ಹಿರಿಯರು ಒಂದರ ಕೆಳಗೊಂದು ಕೆರೆ ಕಟ್ಟಿದ್ದರು. ಮೇಲಿನದು ತುಂಬಿ ಕೋಡಿ ಹರಿದರೆ ಕೆಳಗಿನದಕ್ಕೆ ಪಾಲು. ಹಿರಿಯರ ಆ ಏರ್ಪಾಟಿಗೆ ಇಂದಿನ ಎಂಜಿನಿಯರುಗಳು ಪೈಪು ಜೋಡಿಸಿದ್ದನ್ನು ಕಂಡಾಗ ಏರಿಯ ಮೇಲೆ ನಿಂತು ಮನಸ್ಸಿನಲ್ಲೇ ಒಂದು ಸೆಲ್ಯೂಟ್ ಹೊಡೆದೆ. ನಾವು ಕಾಣದ ಊರಿನವರ ಹಣ, ನಾವು ಕಾಣದ ಮನೆಗಳ ನೀರು, ನಮ್ಮ ತೋಟದ ಹಸಿರಾಗುವುದೆಂದರೆ ಸಣ್ಣ ಸಂಗತಿಯಲ್ಲ.

ಆದರೆ ಬಂದ ಮಾತ್ರಕ್ಕೆ ನೀರು ನಮ್ಮದಾಗಲಿಲ್ಲ. ಊರಿನ ಬಾಯಲ್ಲಿ ಅದಕ್ಕೆ ‘ಮೋರಿ ನೀರು’ ಎಂದೇ ಹೆಸರು. ಕೋಳಿ ಅಂಗಡಿಯ ಸೀನ ದಿನವೂ ಬೈಕಿನಲ್ಲಿ ಪುಕ್ಕ, ಕರುಳುಗಳ ಚೀಲ ತಂದು ಕೆರೆಗೆ ಸುರಿಯತೊಡಗಿದ. ನಾನು ತಡೆದೆ.

“ಹೆಂಗಿದ್ರೂ ಬೆಂಗ್ಳೂರ್ ಗಲೀಜೇ ಅಲ್ವಾ ಮೇಷ್ಟ್ರೇ, ಅದ್ರ ಜೊತೆ ನಂದೂ ಒಂಚೂರು” ಎಂದು ನಕ್ಕು ಹೋದ.

ಅವನನ್ನು ನೋಡಿ ಉಳಿದವರೂ ಕಲಿತರು. ಏರಿಯ ಮೇಲೆ ಮೂಗು ಮುಚ್ಚಿಕೊಂಡು ನಡೆಯುವಂತಾಯಿತು. ಮೇಲೆ ಕೊಳೆತದ್ದು ಕೆಳಗಿಳಿಯದೆ ಇದ್ದೀತೆ? ಅಷ್ಟು ಖರ್ಚು ಮಾಡಿ ತಂದ ನೀರನ್ನು ಬಿಟ್ಟಿ ಕಸದಿಂದ ಕೆಡಿಸಿ, ನಮ್ಮ ಬಾವಿಗಳಿಗೆ ನಾವೇ ವಿಷ ಹಾಕಿಕೊಳ್ಳುತ್ತಿದ್ದೆವು. ಗದರಿದೆ, ಬೇಡಿಕೊಂಡೆ. ನನ್ನ ಸೀಟಿಗೆ ಹೆದರುವ ವಯಸ್ಸನ್ನು ಅವರೆಲ್ಲ ಎಂದೋ ದಾಟಿದ್ದರು.

ಅಷ್ಟರಲ್ಲಿ ಕೆರೆ ತುಂಬಿ ಕೋಡಿ ಹರಿಯಿತು. ನಮ್ಮೂರಲ್ಲಿ ಒಂದು ಪದ್ಧತಿಯಿದೆ. ಕೋಡಿ ಬಿದ್ದಾಗ ಊರ ಯಜಮಾನರ ಮನೆಯ ಮುತ್ತೈದೆ ಮೊದಲ ಬಾಗಿನವನ್ನು ಕೆರೆಗೆ ಅರ್ಪಿಸಬೇಕು. ಬಾಗಿನ ಪಡೆದ ನೀರಿಗೆ ಆಮೇಲೆ ಯಾರೂ ಎಂಜಲು ಕೈ ಸಹ ಅದ್ದುವಂತಿಲ್ಲ. ಮದುವೆಯಾಗಿ ಇದೇ ಊರಿನಲ್ಲಿ ಉಳಿದ ನನ್ನ ಅಕ್ಕ ನಂಜಮ್ಮನಿಗೆ, ಕಸ ನಿಲ್ಲಿಸಲು ಇದೇ ದಾರಿಯೆಂದು ಹೊಳೆಯಿತು. ಯಜಮಾನ ಮುನಿವೆಂಕಟಪ್ಪನ ಜಗಲಿಗೆ ನನ್ನನ್ನೂ ಎಳೆದುಕೊಂಡು ಹೋದಳು.

“ಮೋರಿ ನೀರಿಗೆ ಅರಿಶಿನ ಕುಂಕುಮ ಇಡು ಅಂತೀಯಲ್ಲ ನಂಜಕ್ಕ” ಎಂದ ಆತ. “ಬೆಂಗ್ಳೂರೋರು ಮೈ ತೊಳ್ಕೊಂಡು ಬಿಟ್ಟಿದ್ದು ಅದು. ಪೋನೀಲೇ, ಬಿಟ್ಬಿಡು.”

“ಬೆಂಗ್ಳೂರೋರು ಅಂದ್ರೆ ಯಾರಪ್ಪ? ನಿನ್ ಮಗಳು ಇರೋದೆಲ್ಲಿ?”

“ಅಲ್ಲೇ.”

“ಮತ್ತೆ ಅವಳು ದಿನಾ ಸ್ನಾನ ಮಾಡ್ತಾಳೋ ಇಲ್ವೋ?”

ಒಳಗೆ ಅವನ ಹೆಂಡತಿ ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಆತ ನಗಲಿಲ್ಲ. “ನಿನ್ ಬಾಯಿಗೆ ಯಾರು ಎದುರು ಹೇಳ್ತಾರೆ ಬಿಡು.”

“ಬಾಯಿ ಹಂಗಿರಲಿ. ನಿನ್ ಬೋರಲ್ಲಿ ನೀರು ಬಂತಲ್ಲ, ಅದ್ಯಾವ್ ನೀರು? ಆ ನೀರು ಕುಡ್ದ ಸೊಪ್ಪು ತಿಂದೇ ಅಲ್ವಾ ನಿನ್ ರೇಷ್ಮೆ ಹುಳ ಗೂಡು ಕಟ್ಟಿರೋದು? ಮಾರ್ಕೆಟ್ನಾಗೆ ಅದನ್ನ ಮೋರಿ ಗೂಡು ಅಂತ ಕೂಗಿ ಮಾರ್ತೀಯಾ?”

ಆತ ಹೆಗಲ ಟವಲನ್ನು ಕೊಡವಿ ಎದ್ದು ಒಳಗೆ ಹೋದ. ಆತನ ಅಳುಕು ಪೂರ್ತಿ ಪೊಳ್ಳೆಂದು ನಾನು ಹೇಳಲಾರೆ. ಈ ನೀರನ್ನು ಇನ್ನೊಂದು ಹಂತ ಶುದ್ಧಮಾಡಿ ಕೊಡಬೇಕೆಂದು ನಮ್ಮ ಕಡೆಯವರು ಕೇಳುತ್ತಲೇ ಇದ್ದಾರೆ, ಕೇಳಬೇಕಾದದ್ದೇ. ಆದರೆ ನಮ್ಮದಲ್ಲವೆಂದು ನಾವೇ ದೂರ ತಳ್ಳಿದ್ದನ್ನು ಚೆನ್ನಾಗಿಡಿ ಎಂದು ಸರ್ಕಾರವನ್ನು ಯಾವ ಬಾಯಿಂದ ಕೇಳುವುದು?

ಶುಕ್ರವಾರ ಅಕ್ಕ ಮೊರದಲ್ಲಿ ಬಾಗಿನ ಹೊಂದಿಸಿಕೊಂಡು ಏರಿಯ ಮೇಲೆ ಕಾದಳು. ಯಜಮಾನರ ಮನೆಯವರಿಲ್ಲದೆ ಅವಳು ಮುಂದಾಗುವಂತಿರಲಿಲ್ಲ. ಬಿಸಿಲೇರಿತು; ಜೊತೆಗೆ ಬಂದಿದ್ದ ಹೆಂಗಸರು ಒಬ್ಬೊಬ್ಬರಾಗಿ ಮನೆಯ ಕಡೆ ನೋಡತೊಡಗಿದರು. ಆಗ ಬೀದಿಯ ತಿರುವಿನಲ್ಲಿ ಮುನಿವೆಂಕಟಪ್ಪನ ಹೆಂಡತಿ ಸೆರಗಿನಡಿ ಮೊರ ಹಿಡಿದು ಬಂದಳು. ಅವಳ ಹಿಂದೆ, ಒಗೆದ ಪಂಚೆ ಉಟ್ಟು, ಯಾರ ಮುಖವನ್ನೂ ನೋಡದೆ, ಆತನೂ ಬಂದ. ಮೊದಲ ಬಾಗಿನ ನೀರಿನ ಮೇಲೆ ಸಣ್ಣಗೆ ತೂಗಾಡಿ ಮುಂದೆ ಸರಿಯಿತು. ಆತ ಬಗ್ಗಿ, ಒಂದು ಗಳಿಗೆ ತಡೆದು, ಬೆರಳ ತುದಿಯಿಂದ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ.

ಮರುದಿನ ನಾನು ನಡಿಗೆಗೆ ಹೋದಾಗ ಆತ ನನಗಿಂತ ಮೊದಲೇ ಏರಿಯ ಮೇಲಿದ್ದ. ಸೀನನ ಬೈಕು ಬಂತು.

“ಎಲ್ಲಿಗ್ಲಾ ಚೀಲ?” ಮುನಿವೆಂಕಟಪ್ಪ ತಡೆದು ಕೇಳಿದ.

“ಇಲ್ಲ ತಾತ, ಗುಂಡಿ ತೋಡ್ಸಿದೀನಿ, ಅಲ್ಲಿಗೆ” ಎಂದ ಸೀನ. ಗುಂಡಿಯನ್ನು ನಿಜವಾಗಿ ತೋಡಿಸಿದ್ದು ಆ ದಿನ ಸಂಜೆ ಎಂಬುದು ಬೇರೆ ಮಾತು.

ಮುಂದಿನ ಗ್ರಾಮಸಭೆಯಲ್ಲಿ ಅಧಿಕಾರಿ ಎಲ್ಲರ ಅಹವಾಲು ಕೇಳಿ ಮುಗಿಸುವ ಹೊತ್ತಿಗೆ ಮುನಿವೆಂಕಟಪ್ಪ ಎದ್ದು ನಿಂತ.

“ನಮ್ ಗಂಗಮ್ಮನ್ನ ಇನ್ನೊಂದ್ಸಲ ಸೋಸಿ ಕಳಿಸ್ಬೇಕು ಸ್ವಾಮಿ. ಕಂದಾಯ ನಾವೂ ಕಟ್ತೀವಿ. ನೀರು ಬಿಟ್ವಿ, ಮುಗೀತು ಅಂತ ನೀವು ಅಂದ್ರೆ ಆಗಲ್ಲ.”

ಅಧಿಕಾರಿಗೆ ಅರ್ಥವಾಗಲಿಲ್ಲ. “ಯಾವ ಗಂಗಮ್ಮ ಯಜಮಾನ್ರೇ? ದೇವಸ್ಥಾನದ ವಿಷಯಾನಾ?”

“ನಮ್ ಕೆರೆ ನೀರು ಸಾರ್” ಎಂದು ಹಿಂದಿನ ಸಾಲಿನಿಂದ ಸೀನ ಕೂಗಿದ. “ಬರ್ಕೊಳ್ಳಿ.”