ನೂಲು ಬಿಡಿಸುವ ಕೈಗೆ ಸಿಕ್ಕ ನನ್ನ ಜಡೆ

ಇವತ್ತು ಕೊಯಮತ್ತೂರಿನ ನಮ್ಮ ಮನೆಯಲ್ಲಿ ಕೊಬ್ಬರಿ ಎಣ್ಣೆ ಬಿಸಿ ಮಾಡುವಾಗ, ಆ ವಾಸನೆಗೆ ನೇಕಾರರ ಊರಾದ ನೆಗಮಂನ ಅಜ್ಜಿಮನೆ ನೆನಪಾಯಿತು.

ಚಿಕ್ಕವಳಿದ್ದಾಗ ನನ್ನ ಉದ್ದ ಕೂದಲು ಸದಾ ಗಂಟುಗಂಟು. ಅಮ್ಮ ನೆತ್ತಿಯಿಂದಲೇ ಬಾಚಣಿಗೆ ಎಳೆದರೆ ನಾನು ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದೆ. ಒಂದು ದಿನ ಅವಳು ಸಿಟ್ಟಿನಿಂದ ಕತ್ತರಿಯನ್ನೇ ತಂದಳು.

ಮಗ್ಗದಲ್ಲಿ ಕೂತಿದ್ದ ಅಜ್ಜಿ ಎದ್ದು ಬಂದಳು. "ನೂಲು ಸಿಕ್ಕಾದ್ರೆ ಕತ್ತರಿಸಿ ಬಿಸಾಕ್ತೀವಾ? ಬಿಡೇ, ನಾ ನೋಡ್ತೀನಿ. ವಾ ಕಣ್ಣು, ಬಾ ಚಿನ್ನ, ಇಲ್ಲಿ ಕೂತ್ಕೊ."

ಬೆರಳ ತುದಿಗೆ ಎಣ್ಣೆ ಅದ್ದಿ ನೆತ್ತಿಗೆ ಮೆಲ್ಲಗೆ ತಿಕ್ಕಿದಳು. ಆಮೇಲೆ ಗಂಟಿಗಿಂತ ಮೇಲೆ ಕೂದಲನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತ ಮೇಲೆ ಬಂದಳು. ಬಾಚಣಿಗೆ ಮುಟ್ಟಿದ್ದು ಕೊನೆಗೆ. ಎಳೆತವೆಲ್ಲ ಅವಳ ಕೈಗೇ ಹೋಯಿತು, ನನ್ನ ತಲೆಗೆ ತಿಳಿಯಲೇ ಇಲ್ಲ. ಅವಳ ಮೊಣಕಾಲಿಗೆ ಒರಗಿ ನಾನು ನಿದ್ದೆ ಹೋಗಿದ್ದೆ.

ಈಗ ನನ್ನ ಮುಂದೆ ಕೂತಿರುವವಳು ಅಮ್ಮ. ಕಾಯಿಲೆಯಲ್ಲಿ ಉದುರಿದ್ದ ಅವಳ ಕೂದಲು ಮತ್ತೆ ಬೆಳೆದು ಹೆಗಲು ಮುಟ್ಟಿದೆ. ನಾನು ಗಂಟಿಗಿಂತ ಮೇಲೆ ಹಿಡಿದು, ತುದಿಯಿಂದ ಬಿಡಿಸತೊಡಗಿದೆ.

"ನೋಯ್ತದಾ ಅಮ್ಮ?"

ಬಗ್ಗಿ ನೋಡಿದರೆ, ಅಮ್ಮನಿಗೆ ನಿದ್ದೆ ಹತ್ತಿತ್ತು.