ನಮಾಜಿಗೆ ನಿಂತ ಹುಂಜ

ಕಾಫಿ ಕಣದಲ್ಲಿ ಅಕ್ಕಪಕ್ಕ ಚಾಪೆ ಹಾಸಿ, ನಾನೂ ಅತ್ತೆಯೂ ಸಂಜೆಯ ಅಸರ್ ನಮಾಜಿಗೆ ನಿಂತಿದ್ದೆವು. ಮೊಣಕಾಲಿನ ಮೇಲೆ ಕೈಯಿಟ್ಟು ಬಾಗಿದಾಗ, ಎದುರಿಗೆ ಬಂದು ನಿಂತಿದ್ದ ನಮ್ಮ ಮನೆಯ ಹುಂಜವೂ ಬಾಗಿ ನೆಲ ಕುಕ್ಕಿತು. ನಾವು ನೆಟ್ಟಗಾದೆವು, ಅದೂ ಕತ್ತೆತ್ತಿತು. ಹಣೆ ನೆಲಕ್ಕಿಟ್ಟು ಎದ್ದರೆ, ಮುಂದಿನ ಸರದಿಗೆ ಕಾದು ನಿಂತಿತ್ತು.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಾನು ಬಿಟ್ಟಂಗಾಲಕ್ಕೆ ಸೊಸೆಯಾಗಿ ಬಂದ ದಿನವೇ ಅತ್ತೆ ಎಚ್ಚರಿಸಿದ್ದರು: "ನಮಾಜಲ್ಲಿ ಜೋರಾಗಿ ನಕ್ಕರೆ ನಮಾಜೂ ಹೋಯ್ತು, ವುಜೂನೂ ಹೋಯ್ತು. ಮತ್ತೆ ಕೈಕಾಲು ಮುಖ ತೊಳ್ಕೊಂಡು ಮೊದಲಿಂದ ಮಾಡ್ಬೇಕು."

ತುಟಿ ಕಚ್ಚಿ ಹಿಡಿದೆ. ನಾವು ಮತ್ತೆ ಬಾಗಿದೆವು, ಹುಂಜವೂ ಬಾಗಿತು. ಆಗ ಪಕ್ಕದಲ್ಲೇ ದೊಡ್ಡ ನಗು ಸಿಡಿಯಿತು. ನಕ್ಕದ್ದು ಅತ್ತೆ. ಆಮೇಲೆ ನನ್ನನ್ನು ಹಿಡಿಯುವವರು ಯಾರು? ಇಬ್ಬರೂ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಕುಸಿದೆವು. ಹೊತ್ತು ಮುಳುಗುವುದರೊಳಗೆ ಮುಗಿಸಬೇಕಲ್ಲ, ನಗುತ್ತಲೇ ಬಾವಿಕಟ್ಟೆಗೆ ಓಡಿದೆವು.

ಅತ್ತೆ ಮುಖದ ನೀರು ಒರೆಸದೆ ಹೇಳಿದರು: "ಆ ಹುಂಜದ್ದೊಂದೇ ಸರಿಯಾಯ್ತು ನೋಡಮ್ಮ. ನಮ್ಮಿಬ್ರದ್ದೂ ಹೋಯ್ತು."

ಅತ್ತೆಯ ಬಗ್ಗೆ ನನಗಿದ್ದ ಭಯವೂ ಆ ನೀರಿನೊಂದಿಗೇ ಹೋಯಿತು. ಆಮೇಲೆ ಎಷ್ಟು ನೆಂಟರು ಬಂದರೂ, ಆ ಹುಂಜವನ್ನು ಮಾತ್ರ ಅತ್ತೆ ಸಾರಿಗೆ ಹಾಕಗೊಡಲಿಲ್ಲ.