ಕೆಂಪಾಗದ ನಿಕಲ್

ಜಯನಗರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುತ್ತಿದ್ದಾಗ, ನಮ್ಮ ವಿಭಾಗದ ಮುಖ್ಯಸ್ಥರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದನ್ನು ಈಗ ಮುಚ್ಚಿಡುವುದೇಕೆ? ಅವರಿಗೂ ನನ್ನನ್ನು ಕಂಡರೆ ಆಗುತ್ತಿರಲಿಲ್ಲ.

“ಏನ್ರೀ ಮೇಡಂ, ನಿಮ್ಮ ಲ್ಯಾಬ್ ವಾಸ್ನೆ ನನ್ನ ರೂಮಿಗೇ ಬರತ್ತೆ. ಅಮೋನಿಯಾಗೆ ನೀರು ಹಾಕಿ ಇಡ್ರೀ,” ಎನ್ನುತ್ತಿದ್ದರು. ನಾನು ಹಾಕದಿದ್ದರೆ ತಾವೇ ಬಂದು ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿಯುತ್ತಿದ್ದರು.

ನಿಕಲ್ ಪತ್ತೆಗೆ ನಾವು ಬಳಸುತ್ತಿದ್ದದ್ದು ಡೈಮೀಥೈಲ್ ಗ್ಲೈಆಕ್ಸಿಮ್. ಎಲ್ಲರ ಬಾಯಲ್ಲೂ ಡಿಎಂಜಿ. ಬಿಳಿ ಪುಡಿ. ನೀರಿನಲ್ಲಿ ಕರಗುವ ಜಾತಿಯಲ್ಲ, ಸ್ಪಿರಿಟ್ಟಿನಲ್ಲಿ ಕರಗಿಸಿಡಬೇಕು. ನಿಕಲ್ ಇರುವ ದ್ರಾವಣಕ್ಕೆ ನಾಲ್ಕು ಹನಿ ಬಿಟ್ಟರೆ ಕುಂಕುಮ ಕಲಸಿದ ಹಾಗೆ ಕೆಂಪಾಗುತ್ತದೆ. ಆದರೆ ಆಸಿಡ್ ಉಳಿದಿದ್ದರೆ ಆ ಕೆಂಪು ಬರುವುದೇ ಇಲ್ಲ. ಅದಕ್ಕೇ ಮೊದಲು, ಘಾಟು ಮೂಗಿಗೆ ಬಡಿಯುವವರೆಗೆ ಅಮೋನಿಯಾ ಹಾಕಬೇಕು.

ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಮೇಜಿನ ಮೇಲಿದ್ದ ಅಮೋನಿಯಾ ಮೂಸಿದೆ. ಬರೀ ನೀರು. ನನ್ನ ಬೀರುವಿನಲ್ಲಿ ಸೀಲ್ ಒಡೆಯದ ಬಾಟಲಿ ಇತ್ತು. ತೆಗೆಯಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರ ಎದುರು ನೀರು ಬೆರೆಸಿದ ಈ ಮನುಷ್ಯನ ಮಾನ ಹೋಗಲಿ ಎಂದುಕೊಂಡೆ.

ಪತ್ತೆ ಹಚ್ಚಲು ಹೆಸರು ಹೇಳದೆ ಕೊಡುವ ಲವಣಗಳಲ್ಲಿ ನಿಕಲ್ ಲವಣ ಬಂದದ್ದು ಕತ್ರಿಗುಪ್ಪೆಯ ಹುಡುಗಿಯೊಬ್ಬಳಿಗೆ. ಎಂ.ಎಸ್ಸಿ. ಸೀಟಿಗೆ ಅವಳಿಗೆ ಆ ಅಂಕ ಬೇಕೇ ಬೇಕಿತ್ತು. ಅಮೋನಿಯಾ ಸುರಿದಳು, ಡಿಎಂಜಿ ಬಿಟ್ಟಳು, ಕಾದಳು. ಕೆಂಪು ಬರಲಿಲ್ಲ. ನಿಕಲ್ ಇಲ್ಲ ಎಂದು ಬರೆದುಕೊಟ್ಟಳು. ಪರೀಕ್ಷಕರು ಅಂಕ ಕತ್ತರಿಸಿದರು.

“ಈಗಿನ ಮಕ್ಳು ಕಲಿಯೋದೇ ಇಲ್ಲ ಸಾರ್,” ಎಂದು ಮುಖ್ಯಸ್ಥರು ಹಲ್ಲು ಕಿರಿದರು.

“ಅಮೋನಿಯಾ ನೀರಾಗಿದೆ ಸಾರ್,” ಎಂದೆ ನಾನು, ಪರೀಕ್ಷಕರಿಗೆ.

“ಬಾಟ್ಲಿ ನೋಡ್ಕೊಳ್ಳೋದು ನಿಮ್ಮ ಕೆಲ್ಸ ಅಲ್ವಾ ಮೇಡಂ?” ಎಂದರು ಮುಖ್ಯಸ್ಥರು.

ಅಷ್ಟರಲ್ಲಿ ಅಂಕಪಟ್ಟಿಗೆ ಸಹಿ ಬಿದ್ದು, ಕವರಿಗೆ ಅರಗೂ ಬಿತ್ತು.

ಎಲ್ಲರೂ ಹೋದ ಮೇಲೂ ಹುಡುಗಿ ಟೆಸ್ಟ್ ಟ್ಯೂಬ್ ಹಿಡಿದು ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಬೀರು ತೆಗೆದು, ಹೊಸ ಬಾಟಲಿಯ ಸೀಲ್ ಒಡೆದು, ಅವಳ ಟ್ಯೂಬಿಗೆ ಅಮೋನಿಯಾ ಬಿಟ್ಟೆ. ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು ಬಂತು. ಟ್ಯೂಬಿನ ತುಂಬ ಕೆಂಪು.

“ಈ ಬಾಟ್ಲಿ ಬೆಳಿಗ್ಗೆ ಎಲ್ಲಿತ್ತು ಮೇಡಂ?”

“ಬೀರುವಲ್ಲಿ.”

“ಹೊರಗಿದ್ದಿದ್ದು ನೀರು ಅಂತ ನಿಮ್ಗೆ ಗೊತ್ತಿತ್ತಾ?”

“ಗೊತ್ತಿತ್ತಮ್ಮ.”

ಟ್ಯೂಬನ್ನು ಸ್ಟ್ಯಾಂಡಿನಲ್ಲಿಟ್ಟು ತಲೆಯೆತ್ತಿದಳು. ಅಷ್ಟು ವರ್ಷ ನಾನು ಮುಖ್ಯಸ್ಥರನ್ನು ನೋಡುತ್ತಿದ್ದ ಹಾಗೆಯೇ ಅವಳು ನನ್ನನ್ನು ನೋಡಿದಳು.